ನಾಯಿಗೆ ಮನೆಯ ತಿನಿಸು

ಬೆಳ್ತಂಗಡಿಯ ಕಡೆ ಅಡಿಕೆ ತೋಟದ ಮನೆಗಳಿಗೆ ನಾಯಿಯೇ ಕಾವಲು. ಅದಕ್ಕೆ ಮನೆಮಂದಿ ಉಂಡು ಉಳಿದುದನ್ನು ಹಾಕುವುದು ರೂಢಿ. ಮಕ್ಕಳು ಪ್ರೀತಿಯಿಂದ ಕೊಡುವ ಬಿಸ್ಕತ್ತು, ಮಿಠಾಯಿಗಳು ಬೇರೆ. ನಮಗೆ ರುಚಿಸಿದುದು ನಾಯಿಗೂ ಹಿತವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ?

ಅದು ಅರ್ಧದಷ್ಟು ಮಾತ್ರ ಸರಿ. ನಾಯಿ ತೋಳದ ಸಂತತಿಯಾದರೂ ಸಾವಿರಾರು ವರ್ಷ ಮನುಷ್ಯನ ಅನ್ನದಲ್ಲಿ ಪಾಲು ಪಡೆದು ಬಾಳಿದ ಪ್ರಾಣಿ. ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವ ಕಿಣ್ವಕ್ಕೆ ಅಮೈಲೇಸ್ ಎಂದು ಹೆಸರು. ಮೇದೋಜೀರಕಾಂಗದಲ್ಲಿ ಇದನ್ನು ತಯಾರಿಸುವ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ, ನಾಯಿಯಲ್ಲಿ 4ರಿಂದ 30ರ ವರೆಗೆ ಇವೆಯೆಂಬುದನ್ನು 2013ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದರು. ಆದುದರಿಂದ ಬೇಯಿಸಿದ ಅನ್ನ, ರಾಗಿ, ಗೆಣಸುಗಳನ್ನು ನಾಯಿ ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ.

ಆದರೆ ಎಲ್ಲ ವಿಷಯದಲ್ಲಿಯೂ ಅದರ ದೇಹ ನಮ್ಮ ದೇಹದಂತಲ್ಲ. ಇದಕ್ಕೆ ನಿದರ್ಶನ ಬೆಳ್ತಂಗಡಿಯ ತೋಟಗಳಲ್ಲಿಯೇ ಇದೆ. ಅಡಿಕೆಯ ನಡುವೆ ಬೆಳೆಯುವ ಕೊಕ್ಕೋ ಬೀಜದಲ್ಲಿ ಥಿಯೋಬ್ರೋಮಿನ್ ಎಂಬ ವಸ್ತುವಿದೆ. ಅದರಿಂದಾಗುವ ಚಾಕಲೇಟಿನಲ್ಲಿಯೂ ಇದೆ. ದೇಹ ಸೇರಿದ ಥಿಯೋಬ್ರೋಮಿನ್ ಅರ್ಧಕ್ಕೆ ಇಳಿಯಲು ನಾಯಿಯಲ್ಲಿ ಸುಮಾರು 17 ಗಂಟೆ ಹಿಡಿಯುತ್ತದೆ. ಮನುಷ್ಯನಲ್ಲಿ ಅದರ ಅರ್ಧದಷ್ಟು ಕಾಲ ಸಾಕು. ನಾಯಿಯ ತೂಕದ ಕಿಲೋಗ್ರಾಮಿಗೆ 20 ಮಿಲಿಗ್ರಾಮಿನಷ್ಟಾದಾಗಲೇ ವಾಂತಿ, ಚಡಪಡಿಕೆಗಳು ತೋರಬಹುದು. ಪ್ರಮಾಣ ಹೆಚ್ಚಿದಂತೆ ಹೃದಯದ ಬಡಿತ ಕೆಟ್ಟು ಸೆಳವು ಬರುತ್ತದೆ, ಸಾವೂ ಸಂಭವಿಸುತ್ತದೆ. 10 ಕಿಲೋ ತೂಕದ ನಾಯಿಗೆ ಸುಮಾರು 10 ಗ್ರಾಂ ಕೊಕ್ಕೋ ಪುಡಿಯೇ ಈ ಮೊದಲ ಮಟ್ಟವನ್ನು ಮುಟ್ಟಿಸಬಲ್ಲದು. ಅಂಗಳದಲ್ಲಿ ಒಣಗಲು ಹರಡಿದ ಬೀಜದಿಂದಲೂ ನಾಯಿಯನ್ನು ದೂರವಿಡಬೇಕು.

ಅಡುಗೆಮನೆಯಲ್ಲಿಯೂ ವೈರಿಗಳುಂಟು. ನೀರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗದು. ದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಸಕ್ಕರೆಯಿಲ್ಲದ ಕೆಲವು ಮಿಠಾಯಿಗಳಲ್ಲಿರುವ ಕ್ಸೈಲಿಟಾಲ್ ನಾಯಿಯಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ಹೆಚ್ಚಿಸಿ, ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚಬಹುದು.

ಹಾಗಾದರೆ ಏನು ಕೊಡೋಣ? 200 ಗ್ರಾಂ ಗೆಣಸನ್ನು ಬೇಯಿಸಿ, ಸಿಪ್ಪೆ ತೆಗೆದು ಹಿಸುಕಿ, 100 ಗ್ರಾಂ ರಾಗಿ ಹಿಟ್ಟು, ಒಂದು ಮೊಟ್ಟೆ ಸೇರಿಸಿ ನಾದಬೇಕು. ಉಪ್ಪು, ಬೆಲ್ಲ, ಖಾರ ಯಾವುದೂ ಬೇಡ. 40 ಚಿಕ್ಕ ಬಿಲ್ಲೆಗಳನ್ನು ತಟ್ಟಿ, ಹಬೆಯಲ್ಲಿ ಬೇಯಿಸಿ, ಬಳಿಕ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಒಣಗಿಸಬೇಕು. ಮೊಟ್ಟೆಯ ಬದಲು ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನೂ ಆದೀತು.

ಈಗ ಲೆಕ್ಕ. ಗೆಣಸಿನಿಂದ ಸುಮಾರು 170, ರಾಗಿಯಿಂದ 330, ಮೊಟ್ಟೆಯಿಂದ 70, ಒಟ್ಟು 570 ಕಿಲೋಕ್ಯಾಲೊರಿ. ಅಂದರೆ ಬಿಲ್ಲೆಗೆ 14ರಷ್ಟು. ದಿನದ ಆಹಾರಶಕ್ತಿಯಲ್ಲಿ ತಿನಿಸಿನ ಪಾಲು ಹತ್ತನೆಯ ಒಂದಂಶ ಮೀರಬಾರದೆಂಬುದು ಪಶುವೈದ್ಯರ ನಿಯಮ. 10 ಕಿಲೋ ತೂಕದ ನಾಯಿಗೆ ದಿನಕ್ಕೆ 500ರಿಂದ 600 ಕಿಲೋಕ್ಯಾಲೊರಿ ಬೇಕಾದುದರಿಂದ, ಮೂರು ನಾಲ್ಕು ಬಿಲ್ಲೆಗಳೇ ಅದರ ಮಿತಿ. ಉಳಿದ ಊಟ ಎಂದಿನ ಸಮತೋಲದ ಆಹಾರವೇ ಆಗಿರಬೇಕು.

ಘಟ್ಟದ ತಪ್ಪಲಿನ ಮಳೆಗಾಲದಲ್ಲಿ ಇಂಥ ತಿನಿಸಿಗೆ ಬೇಗನೆ ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳು ಉತ್ಪಾದಿಸುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ. ಮೇಲಿನ ಬೂಸ್ಟನ್ನು ಒರೆಸಿದರೆ ಒಳಗಿನ ವಿಷ ಹೋಗದು. ಆದ್ದರಿಂದ ಎರಡು ದಿನಕ್ಕೆ ಸಾಲುವಷ್ಟನ್ನೇ ಮಾಡಿ ತಣ್ಣಗಿನ ಪೆಟ್ಟಿಗೆಯಲ್ಲಿಡುವುದು ಲೇಸು. ಬೂಸ್ಟು ಬಂದುದನ್ನು ನಾಯಿಗೆಂದು ತೆಗೆದಿರಿಸದೆ ಹೂಳಿಬಿಡಬೇಕು.

ನಾಯಿ ತನಗೆ ಕೊಟ್ಟುದನ್ನು ಪರೀಕ್ಷಿಸಿ ತಿನ್ನುವುದಿಲ್ಲ. ಕೊಟ್ಟ ಕೈಯನ್ನು ನಂಬಿ ತಿನ್ನುತ್ತದೆ. ಪರೀಕ್ಷೆಯ ಹೊಣೆ ಆ ಕೈಯದೇ.