ಕದ್ದಾಲಿಕೆಗೆ ಯಾರ ಸಹಿ?

2015ರ ಜೂನ್‌ನಲ್ಲಿ ತೆಲುಗಿನ ಟಿ.ವಿ. ಚಾನೆಲ್ಲೊಂದು ಧ್ವನಿಮುದ್ರಿಕೆಯೊಂದನ್ನು ಬಿತ್ತರಿಸಿತು. ವಿಧಾನ ಪರಿಷತ್ ಚುನಾವಣೆಯ ಮತಕ್ಕಾಗಿ ತೆಲಂಗಾಣದ ನಾಮನಿರ್ದೇಶಿತ ಶಾಸಕರೊಬ್ಬರಿಗೆ ಹಣ ಕೊಡಲು ಹೋದ ಆರೋಪದಲ್ಲಿ ತೆಲುಗುದೇಶಂ ಶಾಸಕ ರೇವಂತ್ ರೆಡ್ಡಿ ಆಗಷ್ಟೇ ಬಂಧಿತರಾಗಿದ್ದರು. ಮುದ್ರಿಕೆಯಲ್ಲಿರುವುದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರ ದನಿ ಎಂಬ ಮಾತು ಹಬ್ಬಿತು. ತೆಲಂಗಾಣ ತಮ್ಮವರ ಫೋನುಗಳನ್ನೆಲ್ಲ ಕದ್ದಾಲಿಸುತ್ತಿದೆ ಎಂದು ಆಂಧ್ರ ಸರ್ಕಾರ ತಿರುಗೇಟು ಕೊಟ್ಟಿತು. ರಾಜ್ಯ ಒಡೆದು ಆಗ ಒಂದೇ ವರ್ಷ. ಎರಡೂ ಸರ್ಕಾರಗಳು ಹೈದರಾಬಾದಿನಲ್ಲೇ ಕುಳಿತು ಜಗಳವಾಡುತ್ತಿದ್ದವು. ವಿಜಯವಾಡದ ನ್ಯಾಯಾಲಯವು ಟೆಲಿಕಾಂ ಕಂಪನಿಗಳಿಂದ ದಾಖಲೆ ಕೇಳಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಮುಂದಿನದು ಇನ್ನೂ ಸ್ವಾರಸ್ಯ. ನಾಯ್ಡು ಕಾಲದ ಆಂಧ್ರ ಸರ್ಕಾರ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ಖರೀದಿಸಿತ್ತು ಎಂದು 2022ರಲ್ಲಿ ಮಮತಾ ಬ್ಯಾನರ್ಜಿ ಹೇಳಿದರು. ತೆಲುಗುದೇಶಂ ಅದನ್ನು ಅಲ್ಲಗಳೆಯಿತು. ಆಗ ಆಂಧ್ರವನ್ನು ಆಳುತ್ತಿದ್ದ ಜಗನ್ ಸರ್ಕಾರ ತಡಮಾಡದೆ ಸದನ ಸಮಿತಿ ರಚಿಸಿತು. ಇತ್ತ ತೆಲಂಗಾಣದಲ್ಲಿ ರೇವಂತ್ ರೆಡ್ಡಿಯೇ ಮುಖ್ಯಮಂತ್ರಿಯಾದರು. ಹಿಂದಿನ ಸರ್ಕಾರದ ಅವಧಿಯ ಕದ್ದಾಲಿಕೆ ಆರೋಪದಲ್ಲಿ 2024ರಲ್ಲಿ ಹೈದರಾಬಾದ್ ಪೊಲೀಸರು ಪೊಲೀಸ್ ಅಧಿಕಾರಿಗಳನ್ನೇ ಬಂಧಿಸಿದರು. ಕುರ್ಚಿ ಬದಲಾದ ಹಾಗೆಲ್ಲ ಆರೋಪಿ, ದೂರುದಾರರ ಜಾಗವೂ ಅದಲುಬದಲು. ನಾವು ಕನ್ನಡಿಗರು ದೂರ ನಿಂತು ನಗುವಂತಿಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಇದೇ ಫೋನ್ ಕದ್ದಾಲಿಕೆಯ ಗದ್ದಲದಲ್ಲಿ.

ಇಷ್ಟು ಪಕ್ಷಗಳು ಇಷ್ಟು ವರ್ಷ ಗೋಳಾಡಿದರೂ ಯಾರೂ ಕೈಹಾಕದ ಒಂದು ಸಂಗತಿಯಿದೆ. ಕದ್ದಾಲಿಕೆಯ ಆದೇಶಕ್ಕೆ ಸಹಿ ಹಾಕುವವರು ಗೃಹ ಕಾರ್ಯದರ್ಶಿ. ಅದು ಸರಿಯೇ ಎಂದು ಆಮೇಲೆ ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿಯೇ ಅದರ ಅಧ್ಯಕ್ಷರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ದಾವೆಯ 1996ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳ ಅವಧಿ, ಆರು ತಿಂಗಳ ಗರಿಷ್ಠ ಮಿತಿ ಎಂದೆಲ್ಲ ಕಟ್ಟುಪಾಡು ಹಾಕಿತು. ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ಬೇಡಿಕೆಗೆ ಮಾತ್ರ, ಶಾಸನದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಸುಮ್ಮನಾಯಿತು. ಶಾಸನ ಮಾಡುವವರು ಅಲ್ಲಿಂದ ಇಲ್ಲಿಯವರೆಗೂ ಸುಮ್ಮನೇ ಇದ್ದಾರೆ.

ಇಮೇಲ್‌ಗೂ ಇದೇ ಏರ್ಪಾಡು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಡಿ ಆದೇಶ ಬಂದರೆ, ಗೂಢಲಿಪಿಯಲ್ಲಿರುವುದನ್ನು ಬಿಡಿಸಿಕೊಡಲು ನೆರವಾಗಬೇಕು. ನಿರಾಕರಿಸಿದರೆ ಏಳು ವರ್ಷದವರೆಗೆ ಜೈಲು. ಹೀಗೆ ಇಣುಕುವ ಅಧಿಕಾರವನ್ನು 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಹತ್ತು ಸಂಸ್ಥೆಗಳಿಗೆ ಕೊಟ್ಟಿತು. ನಾವು ದಿನಾ ಬಳಸುವ ಇಮೇಲ್ ದಾರಿಯಲ್ಲಿ ಸಾಗುವಾಗ ಎನ್‌ಕ್ರಿಪ್ಟ್ ಆಗಿರುತ್ತದೆ, ನಿಜ. ಆದರೆ ಸರ್ವರ್ ತಲುಪಿದ ಮೇಲೆ ಅದನ್ನು ತೆರೆಯುವ ಕೀಲಿ ಸಾಮಾನ್ಯವಾಗಿ ಕಂಪನಿಯ ಕೈಯಲ್ಲೇ ಇರುತ್ತದೆ. ಬಾಡಿಗೆ ಮನೆಗೆ ಬೀಗ ಹಾಕಿ ಇನ್ನೊಂದು ಕೀಲಿಯನ್ನು ಮಾಲೀಕರ ಬಳಿ ಬಿಟ್ಟು ಬಂದ ಹಾಗೆ. 1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಪಿಜಿಪಿ ಎಂಬ ತಂತ್ರಾಂಶ ಹೊರತಂದದ್ದು ಈ ಎರಡನೇ ಕೀಲಿ ಯಾರ ಬಳಿಯೂ ಇರಬಾರದೆಂದು. ಅಲ್ಲಿನ ಸರ್ಕಾರ ಅದನ್ನು ಮದ್ದುಗುಂಡಿನ ಸಾಲಿಗೆ ಸೇರಿಸಿ, ರಫ್ತು ನಿಯಮ ಮುರಿದರೆಂದು ಅವರ ಮೇಲೆ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. ಪಿಜಿಪಿ ಬಳಸಿದರೂ ಯಾರು ಯಾರಿಗೆ, ಯಾವಾಗ ಬರೆದರು ಎಂಬುದು ಬಯಲಲ್ಲೇ ಇರುತ್ತದೆ. ವಿಷಯದ ಸಾಲೂ ಸಾಮಾನ್ಯವಾಗಿ ಹಾಗೆಯೇ.

ಗೂಢಚಾರರನ್ನು ಹಿಡಿಯಬೇಡವೇ ಎಂದು ಕೇಳುವವರಿಗೆ ವಿಶಾಖಪಟ್ಟಣದ ಪ್ರಕರಣವನ್ನೇ ತೋರಿಸಬಹುದು. 2019ರ ನವೆಂಬರ್‌ನಲ್ಲಿ ವಿಜಯವಾಡದ ಕೌಂಟರ್ ಇಂಟೆಲಿಜೆನ್ಸ್ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. ಡಿಸೆಂಬರ್‌ನಲ್ಲಿ ವಿಶಾಖಪಟ್ಟಣ, ಕಾರವಾರ, ಮುಂಬೈ ನೆಲೆಗಳ ಏಳು ನೌಕಾ ಸಿಬ್ಬಂದಿ ಸಿಕ್ಕಿಬಿದ್ದರು. ಫೇಸ್‌ಬುಕ್‌ನ ಸ್ನೇಹದ ಬಲೆ ಹಡಗುಗಳ ಚಲನವಲನದ ಮಾಹಿತಿಯವರೆಗೆ ಎಳೆದೊಯ್ದಿತ್ತು ಎಂಬುದು ಆರೋಪ. ಅವರ ಜೊತೆಗೆ ಬಂಧಿತನಾದವನು ಒಬ್ಬ ಹವಾಲಾ ದಲ್ಲಾಳಿ. ಅಂದರೆ ಹಣಕ್ಕೊಂದು ಜಾಡಿತ್ತು. ಅದೇ ತಿಂಗಳು ನೌಕಾಪಡೆ ತನ್ನ ನೆಲೆ, ಹಡಗುಗಳಲ್ಲಿ ಸ್ಮಾರ್ಟ್‌ಫೋನನ್ನೂ ಫೇಸ್‌ಬುಕ್ಕನ್ನೂ ನಿಷೇಧಿಸಿತು. ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. 2025ರ ಫೆಬ್ರುವರಿಯಲ್ಲಿ ವಿಶಾಖಪಟ್ಟಣದ ಹೆಸರಿನ ಮತ್ತೊಂದು ಗೂಢಚರ್ಯೆ ಪ್ರಕರಣದಲ್ಲಿ ಎನ್‌ಐಎ ನಮ್ಮ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಬ್ಯಾಂಕ್ ಖಾತೆ, ಜಪ್ತಿಯಾದ ಫೋನು, ಆ ತುದಿಯ ‘ಗೆಳತಿ’ ಯಾರೆಂಬ ವಿಚಾರಣೆ ಎಲ್ಲವೂ ತನಿಖಾಧಿಕಾರಿಯ ಕೈಯಲ್ಲಿರುವಾಗ, ದೇಶದ ಅಷ್ಟೂ ಜನರ ಪತ್ರದ ಬೀಗ ಸಡಿಲ ಮಾಡಬೇಕೆಂಬ ವಾದ ನನಗಂತೂ ಒಪ್ಪಿಗೆಯಾಗುವುದಿಲ್ಲ.

ನಮ್ಮ ಹೈಕೋರ್ಟಿನ ಮುಂದೆಯೂ ಈ ಪ್ರಶ್ನೆ ಬಂತು. ಕಂಪನಿಯೊಂದರ ಮಹಿಳಾ ಸಿಬ್ಬಂದಿಯ ಕುರಿತು ಪ್ರೋಟಾನ್ ಮೇಲ್ ಎಂಬ ಎನ್‌ಕ್ರಿಪ್ಟೆಡ್ ಇಮೇಲ್ ಸೇವೆಯ ಮೂಲಕ ಅಶ್ಲೀಲ ಇಮೇಲ್‌ಗಳು ಹರಿದಾಡಿದ್ದವು. ಆ ಸೇವೆಯನ್ನೇ ನಿರ್ಬಂಧಿಸಲು ಕ್ರಮ ಕೈಗೊಳ್ಳಿ ಎಂದು 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಕೇಂದ್ರಕ್ಕೆ ಸೂಚಿಸಿದರು. ಆ ಮಹಿಳೆಯರ ನೋವು ಸಣ್ಣದಲ್ಲ. ಆದರೆ ಇದೇ ಪ್ರೋಟಾನ್ ಕಂಪನಿ ಸ್ವಿಸ್ ಕಾನೂನಿನ ಆದೇಶಕ್ಕೆ ತಲೆಬಾಗಿ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐಪಿ ವಿಳಾಸ ಕೊಟ್ಟದ್ದು 2021ರಲ್ಲಿ ಸುದ್ದಿಯಾಗಿತ್ತು. ಕ್ರಮಬದ್ಧವಾಗಿ ಕೇಳಿದರೆ ಅಪರಾಧಿಯ ಬೆನ್ನು ಹತ್ತುವ ದಾರಿ ಪೂರ್ತಿ ಮುಚ್ಚಿರುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 86ನೇ ವಯಸ್ಸಿನಲ್ಲಿ ಕೋರ್ಟಿಗೆ ಹೋದ ಹಿರಿಯರು ಅವರು. ಆ ತೀರ್ಪಿನ ಬಳಿಕ 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಅದರಡಿ 2024ರ ಡಿಸೆಂಬರ್‌ನಲ್ಲಿ ಕದ್ದಾಲಿಕೆಯ ಹೊಸ ನಿಯಮಗಳೂ ಬಂದವು. ಸಹಿ ಈಗಲೂ ಗೃಹ ಕಾರ್ಯದರ್ಶಿಯದೇ, ಪರಿಶೀಲನೆ ಈಗಲೂ ಕಾರ್ಯದರ್ಶಿಗಳದೇ. ಅಲ್ಲಿ ನ್ಯಾಯಾಧೀಶರೊಬ್ಬರು ಕೂರುವವರೆಗೆ, ಎನ್‌ಕ್ರಿಪ್ಷನ್ ಬಳಸುವವರನ್ನು ಅನುಮಾನದಿಂದ ನೋಡುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.