ಕೈಗಡಿಯಾರವು ನಾಡಿ ನೋಡುವ ಬಗೆ

ನಮ್ಮ ಮತ್ತಿಗಿರಿಗೆ ನೆರೆಯಾದ ಹೊಸೂರಿನಲ್ಲಿ, 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯ ಗಡಿಯಾರದ ಕಾರ್ಖಾನೆಯಿರುವುದನ್ನು ಓದುಗರೆಲ್ಲರೂ ಬಲ್ಲರು. ಹೊತ್ತಿನೊಡನೆ ಹೆಜ್ಜೆಯನ್ನೂ ನಾಡಿಯನ್ನೂ ತಿಳಿಸುವ ಸ್ಮಾರ್ಟ್ ವಾಚುಗಳನ್ನೂ ಆ ಸಂಸ್ಥೆಯು ಹೊರತಂದಿದೆ.

ಇಂತಹ ಗಡಿಯಾರವು ತನ್ನ ಅಡಿಯಿಂದ ಹಸಿರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸುತ್ತದೆ. ರಕ್ತವು ಹಸಿರನ್ನು ಹೀರಿಕೊಳ್ಳುವುದರಿಂದ, ನಾಡಿ ಮಿಡಿದಾಗಲೆಲ್ಲ ಹಿಂದಿರುಗುವ ಬೆಳಕು ಕೊಂಚ ಕುಗ್ಗುವುದು. ಆ ಏರಿಳಿತವನ್ನು ಎಣಿಸಿದರೆ ನಾಡಿ ದೊರೆಯಿತು. ಪಟ್ಟಿ ಸಡಿಲವಾದರೆ ಹೊರಬೆಳಕು ನುಸುಳಿ ಎಣಿಕೆ ಕೆಡುತ್ತದೆ. ಆಗ ಏನನ್ನು ತೋರಿಸಬೇಕು? ವಿನ್ಯಾಸಕಾರರ ವಿವೇಕಕ್ಕೆ ಕೆಲಸ ಬೀಳುವುದು ಇಲ್ಲಿಯೇ. ಸುಮ್ಮನೆ ಕುಳಿತ ಅಜ್ಜನಿಗೆ 150 ಎಂದು ತೋರಿದರೆ ಮನೆಯವರೆಲ್ಲ ಗಾಬರಿಗೊಳ್ಳುವರು; ನಿಜವಾಗಿ ಅಸ್ವಸ್ಥನಾದವನಿಗೆ 70 ಎಂದು ತೋರಿದರೆ ವೈದ್ಯರಲ್ಲಿಗೆ ಹೋಗುವುದೇ ತಪ್ಪೀತು. ಆದುದರಿಂದ ಅಂಕಿಯ ಸ್ಥಳದಲ್ಲಿ ಬರಿಯ ಗೆರೆಯನ್ನಿಟ್ಟು, ‘ಪಟ್ಟಿಯನ್ನು ಬಿಗಿಮಾಡಿ’ ಎಂದು ದಪ್ಪಕ್ಷರಗಳಲ್ಲಿ ತಿಳಿಸುವುದು ಲೇಸು. ಕನ್ನಡದಲ್ಲಿ ತಿಳಿಸಿದರೆ ಅಜ್ಜನೂ ಓದಿಕೊಂಡಾನು.