ಕೋಳಿ ತಿಂದದ್ದು, ನಾವು ತಿನ್ನುವುದು

ನಾಟಿ ಕೋಳಿ ಸಾರಿನ ರುಚಿಯೇ ಬೇರೆ, ಫಾರಂ ಕೋಳಿಯದೇ ಬೇರೆ ಎಂಬುದು ನಮ್ಮ ಜೀರಹಳ್ಳಿಯಲ್ಲಿ ಮಕ್ಕಳಿಗೂ ಗೊತ್ತು. ‘ಇಂಜೆಕ್ಷನ್ ಕೊಟ್ಟು ಬೆಳೆಸುತ್ತಾರೆ’ ಎಂದು ಹಿರಿಯರು ಹೇಳುವುದುಂಟು. ಅದು ಸರಿಯಲ್ಲ. ಬ್ರಾಯ್ಲರ್ ಕೋಳಿ ಸುಮಾರು 6 ವಾರಗಳಲ್ಲಿ 2 ಕಿಲೋ ತೂಗುವುದು ಆರಿಸಿ ಬೆಳೆಸಿದ ತಳಿಯಿಂದ ಮತ್ತು ಅದಕ್ಕೆ ತಕ್ಕ ಆಹಾರದಿಂದ.

ಆ ಆಹಾರದಲ್ಲಿ ಹೆಚ್ಚಾಗಿ ಅರ್ಧಕ್ಕಿಂತ ಮೇಲ್ಪಟ್ಟು ಮುಸುಕಿನ ಜೋಳವೇ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಸೋಯಾ ಹಿಂಡಿ. ಜೋಳದಿಂದ ಶಕ್ತಿ, ಹಿಂಡಿಯಿಂದ ಸಸಾರಜನಕ. ಹೊಂದಿಕೆ ತಪ್ಪಿ ಶಕ್ತಿಯೇ ಹೆಚ್ಚಾದರೆ ಅದು ಹೊಟ್ಟೆಯೊಳಗೆ ಕೊಬ್ಬಾಗಿ ಸೇರುತ್ತದೆ; ಸಸಾರಜನಕ ಸಾಲದಿದ್ದರೆ ಎದೆಯ ಮಾಂಸ ತುಂಬಿಕೊಳ್ಳುವುದಿಲ್ಲ.

ಹಳದಿ ಜೋಳದಲ್ಲಿ ಕ್ಸಾಂತೋಫಿಲ್ ಎಂಬ ಬಣ್ಣದ ವಸ್ತುವಿದೆ. ಇದು ಕೋಳಿಯ ಚರ್ಮಕ್ಕೂ ಕೊಬ್ಬಿಗೂ ಹಳದಿ ಬಣ್ಣ ಕೊಡುತ್ತದೆ. ನುಚ್ಚಕ್ಕಿ ತಿಂದು ಬೆಳೆದದ್ದು ಬಿಳಿಚಿಕೊಂಡಿರುತ್ತದೆ. ಆದ್ದರಿಂದ ಬಣ್ಣ ನೋಡಿ ನಾಟಿಯೆಂದು ನಂಬಿ ಹೆಚ್ಚು ಹಣ ಕೊಡಬೇಕಾಗಿಲ್ಲ!

ದನ ಕುರಿಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯಂಶವನ್ನು ಬಹುಮಟ್ಟಿಗೆ ಮಾರ್ಪಡಿಸಿಬಿಡುತ್ತವೆ. ಕೋಳಿಗೆ ಅಂಥ ಹೊಟ್ಟೆಯಿಲ್ಲ. ತಿಂದ ಎಣ್ಣೆಯ ಗುಣ ಅದರ ಕೊಬ್ಬಿನಲ್ಲಿಯೇ ಕಾಣುತ್ತದೆ. ಸೋಯಾ ಎಣ್ಣೆ ಹೆಚ್ಚಾದರೆ ಕೊಬ್ಬು ಮೆತ್ತಗಾಗಿ, ಇಟ್ಟ ಮಾಂಸ ಬೇಗ ಕಮಟು ವಾಸನೆ ಬರುತ್ತದೆ. ಆಹಾರದಲ್ಲಿ ‘ಇ’ ಜೀವಸತ್ವ ಸಾಕಷ್ಟಿದ್ದರೆ ಇದು ತಡವಾಗುತ್ತದೆ. ಮೀನಿನ ಪುಡಿ ಹೆಚ್ಚಾದರೆ ಮಾಂಸಕ್ಕೂ ಮೀನಿನ ವಾಸನೆ. ನಾಟಿ ಹುಂಜದ ಗಟ್ಟಿತನ ಮಾತ್ರ ಆಹಾರದಿಂದ ಬಂದದ್ದಲ್ಲ. ಅದು ವಯಸ್ಸಿನದು, ಕೆದಕಿ ಓಡಾಡಿದ್ದರದು.

ಇಷ್ಟೆಲ್ಲ ರುಚಿಯ ಮಾತಾಯಿತು. ಕಟಾವಿನ ಹೊತ್ತಿಗೆ ಮಳೆ ಹಿಡಿದು ಜೋಳಕ್ಕೆ ಬೂಷ್ಟು ಬಂದರೆ ‘ಕೋಳಿಗಾದರೂ ಆದೀತು’ ಎನ್ನುತ್ತೇವಲ್ಲ, ಅದು ಅಪಾಯದ ಮಾತು. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಂಥ ಕಾಳು ತಿಂದ ಕೋಳಿ ಸೊರಗುತ್ತದೆ. ವಿಷದ ಅಂಶ ಮಾಂಸಕ್ಕಿಂತ ಈಲಿಯಲ್ಲಿ ಹೆಚ್ಚು ಉಳಿಯುತ್ತದೆ. ಮನೆಯ ಒಲೆಯಲ್ಲಿ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮಕ್ಕಳಿಗೆಂದು ಎತ್ತಿಡುವುದು ಅದೇ ಈಲಿಯನ್ನು.

ಕಾಳಿನ ತೇವ 100ಕ್ಕೆ 12ರಷ್ಟಕ್ಕೆ ಇಳಿಯುವಂತೆ ಬಿಸಿಲಲ್ಲಿ ಒಣಗಿಸಿ, ಮೂಟೆಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು. ಬೂಷ್ಟು ಹಿಡಿದದ್ದನ್ನು ಕೋಳಿಗೂ ಹಾಕಕೂಡದು, ಹಸುವಿಗೂ ಹಾಕಕೂಡದು. ಹಸು ತಿಂದರೆ ಆ ವಿಷದ ಅಂಶ ಹಾಲಿಗೂ ಬರುತ್ತದೆ.